ಒತ್ತಿನಲ್ಲಿ ಸಾಯುವ ಗಿಡಗಳ ಲೆಕ್ಕ

1953ರಲ್ಲಿ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್ ವಿಭಾಗ ಹೊರತರುತ್ತಿದ್ದ ಪತ್ರಿಕೆಯಲ್ಲಿ ಸೋಯಾ ಗಿಡಗಳ ಮೇಲೊಂದು ಲೇಖನ ಬಂತು. ಒಂದೇ ಜಾತಿಯ ಬೀಜವನ್ನು ಕೆಲವು ಮಡಿಗಳಲ್ಲಿ ಒತ್ತಾಗಿ, ಕೆಲವು ಮಡಿಗಳಲ್ಲಿ ವಿರಳವಾಗಿ, ಆದರೆ ಎಲ್ಲ ಕಡೆ ಸಮ ಅಂತರ ಕಾಯ್ದುಕೊಂಡು ಬಿತ್ತುವುದು. ಆಗಾಗ ಕೆಲವನ್ನು ಕಿತ್ತು, ಒಣಗಿಸಿ, ತೂಗುವುದು. ಪ್ರಯೋಗ ಅಷ್ಟೇ. ಮೊದಮೊದಲು ಮಡಿಯಿಂದ ಮಡಿಗೆ ಗಿಡದ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎಲೆಗೆ ಎಲೆ ತಾಗತೊಡಗಿದ ಮೇಲೆ ಒತ್ತಿನ ಗಿಡಗಳು ಒಂದೊಂದಾಗಿ ಹಿಂದೆ ಬಿದ್ದವು. ಕೊನೆಗೆ ತೂಗಿ ನೋಡಿದರೆ, ಒಂದು ಮಿತಿ ದಾಟಿ ಒತ್ತಾಗಿದ್ದ ಮಡಿಗಳಲ್ಲೆಲ್ಲ ಚದರ ಮೀಟರಿಗೆ ಸಿಕ್ಕ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ. ಒಂದು ಹಂಡೆ ಅನ್ನವನ್ನು ಐವತ್ತು ಎಲೆಗೆ ಬಡಿಸಿದರೂ ಅಷ್ಟೇ, ನೂರು ಎಲೆಗೆ ಬಡಿಸಿದರೂ ಅಷ್ಟೇ. ಎಲೆಗೆ ಬೀಳುವ ಪಾಲು ಮಾತ್ರ ಕಿರಿದಾಗುತ್ತದೆ.

ಒತ್ತಾಗಿ ಬಿತ್ತಿದರೆ ಪೈರು ಸೊರಗುತ್ತದೆ ಎಂಬುದು ಬೇಸಾಯ ಮಾಡುವ ಯಾರಿಗೂ ಹೊಸ ಸುದ್ದಿಯಲ್ಲ. ಹಾವೇರಿ ಕಡೆಯ ಗುಳಿ ರಾಗಿಯವರು ಮೊಳಕ್ಕೊಂದು ಗುಳಿ ತೆಗೆದು, ಗುಳಿಗೆರಡು ಪೈರು ನೆಟ್ಟು, ಮೇಲೆ ಕೊರಡು ಎಳೆದು ತೆಂಡೆ ಒಡೆಸುವುದು ಇದೇ ತಿಳಿವಳಿಕೆಯಿಂದ. ಒಸಾಕಾದವರು ಮಾಡಿದ ಹೊಸ ಕೆಲಸವೆಂದರೆ ಈ ಸೊರಗುವಿಕೆಗೆ ಒಂದು ಸಮೀಕರಣ ಕೊಟ್ಟಿದ್ದು. ಹತ್ತು ವರ್ಷದಲ್ಲಿ ಅದೇ ಗುಂಪು ಸಾವಿಗೂ ಒಂದು ಸಮೀಕರಣ ಕೊಟ್ಟಿತು. ಆ ಎರಡನೆಯದು ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಹೋಗಿ, ಸಸ್ಯ ಪರಿಸರ ವಿಜ್ಞಾನಕ್ಕೆ ಇರುವುದೇ ಅದೊಂದು ನಿಯಮ ಎಂದು ಹೇಳಿಸಿಕೊಂಡು, ಆಮೇಲೆ ಪೀಠದಿಂದ ಕೆಳಗಿಳಿಯಿತು. ಆ ಏಳುಬೀಳಿನ ಕತೆ ಇದು.

ಗುಂಪಿನ ಹಿರಿಯರು ತಾತುಒ ಕಿರಾ. 1919ರಲ್ಲಿ ಹುಟ್ಟಿದವರು, ಕ್ಯೋಟೊದಲ್ಲಿ ಓದಿದವರು. ವಿದ್ಯಾರ್ಥಿಯಾಗಿದ್ದಾಗಲೇ, 1941ರಲ್ಲಿ, ಇಮಾನಿಶಿ ಕಿಂಜಿ ಅವರ ತಂಡದ ಜೊತೆ ಪೆಸಿಫಿಕ್ ಸಾಗರದ ಪೊನಪೆ ದ್ವೀಪಕ್ಕೆ ಹೋಗಿಬಂದಿದ್ದರು. ಈ ಇಮಾನಿಶಿ ಜಪಾನಿನ ಜೀವವಿಜ್ಞಾನದಲ್ಲಿ ದೊಡ್ಡ ಹೆಸರು, ದೊಡ್ಡ ತಕರಾರು ಕೂಡ. ಜೀವಿಗಳು ಹೊಡೆದಾಡಿ ಗೆಲ್ಲುವುದಕ್ಕಿಂತ ನೆಲೆಗಳನ್ನು ಹಂಚಿಕೊಂಡು ಬದುಕುತ್ತವೆ ಎಂಬುದು ಅವರ ವಾದ. ಡಾರ್ವಿನ್ನನ ಆಯ್ಕೆಯ ಸಿದ್ಧಾಂತಕ್ಕೆ ಅವರು ಕೊನೆಯವರೆಗೂ ತಲೆಬಾಗಲಿಲ್ಲ. ಪೈಪೋಟಿಯನ್ನೇ ಒಪ್ಪದ ಗುರುವಿನ ವಲಯದಿಂದ ಬಂದ ಕಿರಾ, ಪೈಪೋಟಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಲು ಕೂತರು. ಇದರಲ್ಲಿ ಬಂಡಾಯವೇನೂ ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಒಸಾಕಾದ ಲೇಖನಗಳನ್ನು ಓದಿದರೆ ಅಲ್ಲಿ ಗೆದ್ದವರು ಸೋತವರು ಎಂಬ ಆವೇಶವಿಲ್ಲ. ನೆಲ, ಬೆಳಕು, ತೂಕ, ಕಾಲ, ಇವಿಷ್ಟೇ. ಹಂಚಿಕೆಯ ಲೆಕ್ಕವೆಂದು ಓದಿದರೂ ಅದೇ ಅಂಕಿ, ಹೋರಾಟದ ಲೆಕ್ಕವೆಂದು ಓದಿದರೂ ಅದೇ ಅಂಕಿ.

ಯುದ್ಧ ಸೋತ ದೇಶ, ಊಟಕ್ಕೆ ಪರದಾಡಿದ ವರ್ಷಗಳ ನೆನಪು ಇನ್ನೂ ಹಸಿ. ವಿಶ್ವವಿದ್ಯಾಲಯದ ಸುಗಿಮೊಟೊ ಆವರಣವನ್ನೂ ಅಮೆರಿಕದ ಸೇನೆ ಯುದ್ಧಾನಂತರ ಕೆಲವು ವರ್ಷ ತನ್ನ ಶಿಬಿರ ಮಾಡಿಕೊಂಡಿತ್ತು. ಇಂಥ ಕಾಲದಲ್ಲಿ ಒಂದು ತುಂಡು ನೆಲದಿಂದ ಎಷ್ಟು ಪೈರು ತೆಗೆಯಬಹುದು ಎಂಬ ಪ್ರಶ್ನೆಗೆ ಬೇರೆ ಸಮರ್ಥನೆ ಬೇಕಿರಲಿಲ್ಲ. ತಕ್ಕಡಿ, ಒಲೆ, ಬಿತ್ತನೆ ಬೀಜ, ಗ್ರಾಫ್ ಹಾಳೆ ಇದ್ದರೆ ಕೆಲಸ ನಡೆಯುತ್ತಿತ್ತು. ಒಂದೇ ಜಾತಿಯ ಗಿಡಗಳ ನಡುವಿನ ಪೈಪೋಟಿ ಎಂಬ ಒಂದೇ ತಲೆಬರಹದಡಿ ಲೇಖನಗಳು ಸಾಲಾಗಿ ಬಂದವು. 1963ರ ಹೊತ್ತಿಗೆ ಹನ್ನೊಂದನೆಯ ಕಂತು.

ಈ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾದವು, ಆಮೇಲೆ ಕಡಿಮೆ ಹೆಸರು ಮಾಡಿದ ಎರಡು. ಒಂದು 1955ರದ್ದು. ಹೊಜುಮಿ, ಕೊಯಾಮಾ ಮತ್ತು ಕಿರಾ ಮೆಕ್ಕೆಜೋಳದ ಸಾಲನ್ನು ಹಿಡಿದು ಒಂದೊಂದು ಗಿಡವನ್ನೂ ಅದರ ಪಕ್ಕದ ಗಿಡದ ಜೊತೆ ಹೋಲಿಸಿ ನೋಡಿದರು. ಒಂದು ಗಿಡ ದೊಡ್ಡದಾದರೆ ಪಕ್ಕದ್ದು ಸಣ್ಣದು; ಆ ಸಣ್ಣದರ ಆಚೆಯದಕ್ಕೆ ಅದರಿಂದ ಅನುಕೂಲ, ಹಾಗಾಗಿ ಅದು ಮತ್ತೆ ದೊಡ್ಡದು. ಹೀಗೆ ಸಾಲಿನುದ್ದಕ್ಕೂ ಏರಿಳಿತ. ಇಡೀ ಹೊಲದ ಸರಾಸರಿ ತೆಗೆದುಬಿಟ್ಟರೆ ಇದು ಕಾಣುವುದೇ ಇಲ್ಲ. ಗಿಡಕ್ಕೆ ಹೊಲದ ಸಾಂದ್ರತೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಲಗಡೆಯ ಒಂದು ನೆರಳು, ಎಡಗಡೆಯ ಒಂದು ನೆರಳು. ಇಂದು ಕಂಪ್ಯೂಟರಿನಲ್ಲಿ ಕಾಡು ಬೆಳೆಸುವವರು ಮಾಡುವುದೆಲ್ಲ ಈ ಜೋಳದ ಸಾಲಿನ ವಿಸ್ತರಣೆ.

ಇನ್ನೊಂದು 1956ರದ್ದು, ಶಿನೊಜಾಕಿ ಮತ್ತು ಕಿರಾ ಬರೆದದ್ದು. ಗಿಡದ ಬೆಳವಣಿಗೆ ಎಸ್ ಆಕಾರದ ಲಾಜಿಸ್ಟಿಕ್ ರೇಖೆಯಲ್ಲಿ ಹೋಗುತ್ತದೆ, ಕೊನೆಗೆ ನೆಲಕ್ಕೊಂದು ಸ್ಥಿರ ಇಳುವರಿ ಇರುತ್ತದೆ ಎಂಬ ಎರಡು ಮಾತು ಇಟ್ಟುಕೊಂಡು ಅವರು ತಲುಪಿದ ಜಾಗ ಅಚ್ಚರಿಯಷ್ಟು ಸರಳ. ಗಿಡದ ಸರಾಸರಿ ತೂಕವನ್ನು ತಲೆಕೆಳಗು ಮಾಡಿ, ಅಂದರೆ ಒಂದನ್ನು ಆ ತೂಕದಿಂದ ಭಾಗಿಸಿ, ಸಾಂದ್ರತೆಯ ಎದುರು ಗುರುತಿಸಿದರೆ ನೇರ ಗೆರೆ ಬರುತ್ತದೆ. ಎರಡು ಸಂಖ್ಯೆ ಗೊತ್ತಿದ್ದರೆ ಇಡೀ ಗೆರೆ ಗೊತ್ತು. ಒಂದು ಸಂಖ್ಯೆ ಒಂಟಿಯಾಗಿ ಬೆಳೆದ ಗಿಡ ಎಷ್ಟು ದೊಡ್ಡದಾಗುತ್ತಿತ್ತು ಎಂಬುದನ್ನು ಹೇಳುತ್ತದೆ, ಇನ್ನೊಂದು ಆ ನೆಲ ಒಟ್ಟು ಎಷ್ಟು ಕೊಡಬಲ್ಲದು ಎಂಬುದನ್ನು. ಹೆಚ್ಚುಕಡಿಮೆ ಇದೇ ಸಮಯಕ್ಕೆ ನೆದರ್‌ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಕೊರ್ನೆಲಿಸ್ ಡಿ ವಿಟ್ ಎರಡು ಜಾತಿಗಳನ್ನು ಬೆರೆಸಿ ಬಿತ್ತಿ ಇಂಥದೇ ದಾರಿಯಲ್ಲಿ ಯೋಚಿಸುತ್ತಿದ್ದರು. ಪೈಪೋಟಿಯ ಮೇಲಿನ ಅವರ ಗ್ರಂಥ ಬಂದದ್ದು 1960ರಲ್ಲಿ. ಬೆಳೆಯ ಇಳುವರಿಯ ಲೆಕ್ಕದಲ್ಲಿ ಇವತ್ತಿಗೂ ದಿನನಿತ್ಯ ಬಳಕೆಯಲ್ಲಿರುವುದು ಈ ಸಾಧಾರಣ ಸಮೀಕರಣಗಳೇ. ಕೀರ್ತಿ ಮಾತ್ರ ಬೇರೆಯದಕ್ಕೆ ಸಂದಿತು.

ಆ ಬೇರೆಯದು 1963ರ ಹನ್ನೊಂದನೆಯ ಕಂತು. ಬರೆದವರು ಕ್ಯೋಜಿ ಯೊಡಾ, ಕಿರಾ, ಒಗಾವಾ, ಹೊಜುಮಿ. ಇಲ್ಲಿಯವರೆಗಿನ ಲೆಕ್ಕದಲ್ಲಿ ಗಿಡಗಳು ಸೊರಗುತ್ತಿದ್ದವು, ಸಾಯುತ್ತಿರಲಿಲ್ಲ. ಆದರೆ ಒತ್ತು ತೀರಾ ಹೆಚ್ಚಾದರೆ ಸಣ್ಣವು ಸಾಯಲೇಬೇಕು. ಉಳಿದವು ದೊಡ್ಡದಾಗುತ್ತ ಹೋದಂತೆ ಇನ್ನಷ್ಟು ಸಾಯುತ್ತವೆ. ಪ್ರಶ್ನೆ ಇದು: ಎಷ್ಟು ಸತ್ತಾಗ ಉಳಿದವು ಎಷ್ಟು ದೊಡ್ಡದಾಗಿರುತ್ತವೆ?

ಅವರು ಪಾಳುಬಿದ್ದ ನೆಲದಲ್ಲಿ ತಾನಾಗಿ ಎದ್ದ ಎರಿಜೆರಾನ್ ಕಳೆಯನ್ನು ನೋಡಿದರು, ನೆಲಕ್ಕಂಟಿ ಬೆಳೆಯುವ ಪ್ಲಾಂಟೇಗೊವನ್ನು ನೋಡಿದರು, ಸಖಾಲಿನ್ ಫರ್ ಮರಗಳ ಒತ್ತಾದ ತೋಪುಗಳನ್ನೂ ನೋಡಿದರು. ಸರಾಸರಿ ತೂಕ ಒಂದು ಅಕ್ಷದಲ್ಲಿ, ಉಳಿದ ಗಿಡಗಳ ಸಂಖ್ಯೆ ಇನ್ನೊಂದು ಅಕ್ಷದಲ್ಲಿ, ಎರಡೂ ಲಾಗರಿದಮ್ ಅಳತೆಯಲ್ಲಿ. ಕಳೆಯಾದರೇನು, ಕಾಡುಮರವಾದರೇನು, ಚುಕ್ಕೆಗಳೆಲ್ಲ ಒಂದೇ ಓಟದ ಗೆರೆಯ ಮೇಲೆ ಸಾಲುಗಟ್ಟಿದಂತೆ ಕಂಡವು. ಗೆರೆಯ ಓಟ, ಅಂದರೆ ಇಳಿಜಾರು, ಮೈನಸ್ 3/2.

ಅದರ ಅರ್ಥವನ್ನು ಅಂಕಿಯಲ್ಲೇ ನೋಡೋಣ. ಒಂದು ಚದರ ಮೀಟರಿನಲ್ಲಿ 1000 ಸಸಿಗಳಿವೆ, ಒಂದೊಂದು 1 ಗ್ರಾಂ ತೂಗುತ್ತದೆ, ಒಟ್ಟು 1000 ಗ್ರಾಂ ಎಂದಿಟ್ಟುಕೊಳ್ಳಿ. ಮುಕ್ಕಾಲು ಪಾಲು ಸತ್ತು 250 ಉಳಿದಾಗ, ಉಳಿದ ಒಂದೊಂದರ ತೂಕ 4 ಗ್ರಾಂ ಆಗಿದ್ದರೆ ಸತ್ತವರ ಪಾಲನ್ನು ಬದುಕಿದವರು ಹಂಚಿಕೊಂಡರು, ಲೆಕ್ಕ ಚುಕ್ತಾ ಎನ್ನಬಹುದಿತ್ತು. ನಿಯಮ ಹೇಳುವುದು 8 ಗ್ರಾಂ. ಒಟ್ಟು ತೂಕ 2000 ಗ್ರಾಂ ಆಗುತ್ತದೆ. ಅಂದರೆ ಮುಕ್ಕಾಲು ಪಾಲು ಸತ್ತರೂ ಹೊಲದ ಮೇಲಿನ ಹಸಿರು ದುಪ್ಪಟ್ಟಾಗಿದೆ.

ಹೀಗೇಕೆ ಎಂಬುದಕ್ಕೆ ಯೊಡಾ ಕೊಟ್ಟ ಕಾರಣ ಹೈಸ್ಕೂಲಿನ ರೇಖಾಗಣಿತ. ಗಿಡ ದೊಡ್ಡದಾಗುವಾಗ ಆಕಾರ ಬದಲಾಗುವುದಿಲ್ಲ ಎಂದುಕೊಂಡರೆ ಅದು ಮುಚ್ಚುವ ನೆಲ ಉದ್ದದ ವರ್ಗದಂತೆ ಬೆಳೆಯುತ್ತದೆ, ತೂಕ ಉದ್ದದ ಘನದಂತೆ. ನೆಲ ಪೂರ್ತಿ ಮುಚ್ಚಿರುವಾಗ ಒಂದು ಗಿಡ ಹಿಗ್ಗಬೇಕಾದರೆ ಪಕ್ಕದ್ದು ಹೋಗಬೇಕು. ಘನ 3, ವರ್ಗ 2, ಅದಕ್ಕೇ 3/2. ಜಾತಿ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಮಣ್ಣನ್ನೂ ಕೇಳುವುದಿಲ್ಲ. ಮಣ್ಣಿನ ವಿಷಯದಲ್ಲಿ ಇದಕ್ಕಿಂತ ವಿಚಿತ್ರವಾದದ್ದೊಂದು ಅವರ ಅಂಕಿಗಳಲ್ಲಿತ್ತು. ಗೊಬ್ಬರ ಹಾಕಿದ ನೆಲದಲ್ಲಿ ಹೆಚ್ಚು ಗಿಡ ಸಾಯುತ್ತಿದ್ದವು. ಗೊಬ್ಬರ ಉಂಡವು ಬೇಗ ಹಿಗ್ಗುತ್ತವೆ, ಬೇಗ ಒಂದನ್ನೊಂದು ಮುಚ್ಚುತ್ತವೆ, ಬೇಗ ಸಾಯುತ್ತವೆ. ಹಾದಿ ಅದೇ, ನಡಿಗೆ ಬಿರುಸು.

ಈ ಗೆರೆಯನ್ನು ಮೊದಲು ಕಂಡವರು ಯೊಡಾ ಅಂತಲೂ ಹೇಳಲಾಗದು. 1933ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಸ್ಟರ್ ರೈನಿಕೆ ಎಂಬ ಅರಣ್ಯ ಸಂಶೋಧಕ ಒಂದೇ ವಯಸ್ಸಿನ ಒತ್ತಾದ ತೋಪುಗಳಲ್ಲಿ ಮರದ ವ್ಯಾಸಕ್ಕೂ ಸಂಖ್ಯೆಗೂ ಇರುವ ನಂಟನ್ನು ಗೆರೆಯಾಗಿ ಎಳೆದು, ಅದರ ಓಟ ಮೈನಸ್ 1.605 ಎಂದು ಅಚ್ಚುಹಾಕಿಸಿದ್ದ. ಮರದ ತೂಕ ವ್ಯಾಸದ ಸುಮಾರು 2.4ನೆಯ ಘಾತದಂತೆ ಏರುತ್ತದೆ ಎಂದು ಹಿಡಿದರೆ ಅವನ ಗೆರೆಯೂ ಯೊಡಾ ಗೆರೆಯೂ ಒಂದರ ಮೇಲೊಂದು ಕೂರುತ್ತವೆ. ಆದರೆ ಅರಣ್ಯ ಇಲಾಖೆಯವರು ಓದುವ ಪತ್ರಿಕೆಯನ್ನು ಸಸ್ಯಶಾಸ್ತ್ರಜ್ಞರು ಓದುತ್ತಿರಲಿಲ್ಲ, ಇವರದನ್ನು ಅವರು ಓದುತ್ತಿರಲಿಲ್ಲ. ಈ ಗೋಡೆ ಇನ್ನೂ ಪೂರ್ತಿ ಬಿದ್ದಿಲ್ಲ.

ಒಸಾಕಾದ ಪತ್ರಿಕೆ ಇಂಗ್ಲಿಷಿನಲ್ಲಿದ್ದರೂ ಯುರೋಪಿನ ಕಪಾಟುಗಳಲ್ಲಿ ಅಪರೂಪ. ಅದಕ್ಕೆ ಹೊರಗಿನ ಬಾಗಿಲು ತೆಗೆದವರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬ್ಯಾಂಗರ್‌ನಲ್ಲಿದ್ದ ಜಾನ್ ಹಾರ್ಪರ್. ಇವರ ಕಣ್ಣು ಬೇರೆ ಬಗೆಯದು. 1967ರಲ್ಲಿ ಬ್ರಿಟಿಷ್ ಇಕಾಲಜಿಕಲ್ ಸೊಸೈಟಿಯ ಅಧ್ಯಕ್ಷ ಭಾಷಣದಲ್ಲಿ ಅವರು, ಸಸ್ಯಗಳನ್ನು ಹುಲ್ಲುಗಾವಲು, ಓಕ್ ಕಾಡು ಎಂದು ವರ್ಣಿಸಿದ್ದು ಸಾಕು, ಇನ್ನು ಡಾರ್ವಿನ್ ಮಾಡಿದಂತೆ ತಲೆ ಎಣಿಸಬೇಕು ಎಂಬ ದಾರಿ ಹಿಡಿದರು. ಡಾರ್ವಿನ್ ನಿಜಕ್ಕೂ ಎಣಿಸಿದ್ದ. ಮೂರು ಅಡಿ ಉದ್ದ, ಎರಡು ಅಡಿ ಅಗಲದ ತುಂಡು ನೆಲವನ್ನು ಅಗೆದು ಹಸನು ಮಾಡಿ, ಮೊಳೆತ ಕಳೆಗಳನ್ನೆಲ್ಲ ಗುರುತುಹಾಕುತ್ತ ಹೋದ. ಮೊಳೆತದ್ದು 357, ಅದರಲ್ಲಿ 295 ಸತ್ತವು, ಹೆಚ್ಚಿನವು ಗೊಂಡೆಹುಳು ಮತ್ತು ಕೀಟಗಳ ಬಾಯಿಗೆ. ಆ ಎಣಿಕೆಯಲ್ಲಿ ಸಾವು ಹುಳುವಿನಿಂದ ಬಂದಿತ್ತು. ಯೊಡಾ ಲೆಕ್ಕದಲ್ಲಿ ಸಾವು ಪಕ್ಕದ ಗಿಡದಿಂದಲೇ ಬರುತ್ತದೆ. ಹಾರ್ಪರ್‌ಗೆ ಬೇಕಾಗಿದ್ದದ್ದು ಅದೇ.

1970ರಲ್ಲಿ ಜೇಮ್ಸ್ ವೈಟ್ ಮತ್ತು ಹಾರ್ಪರ್ ಯೊಡಾ ನಿಯಮವನ್ನು ಇನ್ನಷ್ಟು ಗಿಡಗಳಿಗೆ ಹೊಂದಿಸಿ ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ನೂಕುನುಗ್ಗಲು. ಹುಲ್ಲು, ಮೂಲಂಗಿ, ಬೀಟ್, ಪೈನ್, ಕೊನೆಗೆ ಹಾವಸೆಯನ್ನೂ ತೂಗಿದರು; ಎಲ್ಲವೂ ಗೆರೆಯ ಆಸುಪಾಸಿನಲ್ಲೇ ಬಿದ್ದವು. 1977ರಲ್ಲಿ ಬಂದ ಹಾರ್ಪರ್ ಅವರ ದಪ್ಪ ಗ್ರಂಥ ಅದನ್ನು ಹೊಸ ತಲೆಮಾರಿನ ಪಾಠ ಮಾಡಿತು. ಇಮಾನಿಶಿ ವಲಯದಿಂದ ಹೊರಟ ಅಂಕಿಗಳು ಡಾರ್ವಿನ್ನನ ಕಟ್ಟಾ ಅನುಯಾಯಿಯ ಕೈಯಲ್ಲಿ ಪ್ರಸಿದ್ಧಿಗೆ ಬಂದದ್ದು ಹೀಗೆ. ಜಪಾನಿನ ಅರಣ್ಯ ಸಂಶೋಧಕರು ಅಷ್ಟರಲ್ಲೇ ಅದನ್ನು ಕೆಲಸಕ್ಕೆ ಹಚ್ಚಿದ್ದರು. ಸುಗಿ, ಹಿನೊಕಿ ತೋಪುಗಳಿಗೆ ಸಾಂದ್ರತೆಯ ನಕ್ಷೆ ಬರೆದು, ಮರ ಎಷ್ಟು ಎತ್ತರವಾದಾಗ ಎಷ್ಟು ಕಡಿದು ತೆಗೆಯಬೇಕು ಎಂದು ಒಂದೇ ಹಾಳೆಯಲ್ಲಿ ತೋರಿಸಿದರು. ನಮ್ಮ ತೇಗದ ನೆಡುತೋಪುಗಳಲ್ಲಿ ಅರಣ್ಯ ಇಲಾಖೆಯವರು ಥಿನ್ನಿಂಗ್ ಎಂದು ಗುರುತುಹಾಕಿ ಕಡಿಯುವುದರ ಹಿಂದಿನ ತರ್ಕವೂ ಇದೇ: ಮರಗಳು ತಾವಾಗಿ ಸಾಯುವ ಗೆರೆಗೆ ಮುಟ್ಟುವ ಮೊದಲೇ ನಾವು ಒಂದಷ್ಟನ್ನು ತೆಗೆದರೆ ಸೌದೆ ನಮಗೆ, ಜಾಗ ಉಳಿದವಕ್ಕೆ.

ಇದೇ ವರ್ಷಗಳಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 1972ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೇನಿಯಲ್ ಬಾಟ್ಕಿನ್, ಐಬಿಎಂ ಸಂಶೋಧನಾ ಕೇಂದ್ರದ ಜೇಮ್ಸ್ ಜನಕ್ ಮತ್ತು ಜೇಮ್ಸ್ ವಾಲಿಸ್ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿಗಾಗಿ ಒಂದು ಕಂಪ್ಯೂಟರ್ ಮಾದರಿ ಪ್ರಕಟಿಸಿದರು. ಮೂವರ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿ ಜಬೋವಾ ಎಂದು ಕರೆದರು. ಇಲ್ಲಿ ಗೆರೆಯೂ ಇಲ್ಲ, ನಿಯಮವೂ ಇಲ್ಲ. ಹತ್ತು ಮೀಟರ್ ಚೌಕದ ಒಂದು ತುಂಡು ಕಾಡು, ಅದರೊಳಗೆ ಒಂದೊಂದು ಮರಕ್ಕೂ ಯಂತ್ರದ ನೆನಪಿನಲ್ಲೊಂದು ಸ್ಥಾನ. ವರ್ಷಕ್ಕೊಮ್ಮೆ ಎಷ್ಟು ಬೆಳಕು ಬಿತ್ತು ಎಂದು ಎತ್ತರದ ಮರದಿಂದ ಕೆಳಗಿನದಕ್ಕೆ ಲೆಕ್ಕ ಇಳಿಯುತ್ತದೆ. ಬೆಳೆಯದೆ ಕುಂಟಿದ ಮರಕ್ಕೆ ಸಾಯುವ ಸಂಭವ ಹೆಚ್ಚು. ಯಾವುದು ಸಾಯಬೇಕು ಎಂಬುದನ್ನು ಯಂತ್ರ ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ದೊಡ್ಡ ಮರ ಸತ್ತಲ್ಲಿ ಬೆಳಕಿನ ಕಿಂಡಿ, ಕಿಂಡಿಯಲ್ಲಿ ಹೊಸ ಸಸಿಗಳು. ಈ ವಂಶದ ಮಾದರಿಗಳು ಆಮೇಲೆ ಹತ್ತಾರು ದೇಶಗಳ ಕಾಡಿಗೆ ಹೊಂದಿಕೊಂಡವು.

ನಮ್ಮ ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡಿನಲ್ಲೂ ಅದರ ಒಂದು ಬಗೆ ನಡೆಯಿತು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1989-90ರ ಸುಮಾರಿಗೆ ಅಲ್ಲಿ ಶಾಶ್ವತ ಅಧ್ಯಯನ ತಾಣ ಹೂಡಿ ಮರಗಳ ಸುತ್ತಳತೆ ಹಿಡಿಯತೊಡಗಿತು. ಪಶ್ಚಿಮಘಟ್ಟದ ಸಸ್ಯ ನಕ್ಷೆಗಳಿಂದ ಹೆಸರಾದ ಪಾಸ್ಕಲ್ ಮತ್ತು ಸಂಗಡಿಗರು ಅಲ್ಲಿ ಕಂಡದ್ದು ಅಂತಸ್ತಿನ ಕಾಡು. ಕೆಳಗೆ ಹಾಸಿಗೆ ಮರ, ನಡುವೆ ಕಾಡು ಜಾಯಿಕಾಯಿ, ಮೇಲಿನ ಚಪ್ಪರದಲ್ಲಿ ಸಾಲುಧೂಪ, ಅದನ್ನೂ ಸೀಳಿ ಮೇಲೆದ್ದ ಡಿಪ್ಟೆರೊಕಾರ್ಪಸ್. ಪ್ರತಿ ಅಂತಸ್ತಿಗೂ ಅದರದೇ ಯಜಮಾನ. ಹಾಸಿಗೆ ಮರ ಸಾಲುಧೂಪದ ನೆರಳಿನಲ್ಲೇ ಸಂಸಾರ ಹೂಡುತ್ತದೆ. ಅಲ್ಲಿ ಚಿಕ್ಕದೆಂಬ ಕಾರಣಕ್ಕೆ ಸೋತದ್ದು ಎನ್ನಲಾಗದು. ಒಂದೇ ಜಾತಿ, ಒಂದೇ ವಯಸ್ಸಿನ ಗುಂಪಿಗೆ ಬರೆದ ಯೊಡಾ ಗೆರೆಗೆ ಇಂಥ ಕಾಡಿನಲ್ಲಿ ಹಿಡಿತ ಸಿಗುವುದು ಕಷ್ಟ. 1990ರ ದಶಕದಲ್ಲಿ ಫ್ರೆಂಚ್ ಸಂಶೋಧಕರು ಈ ಕಾಡಿನ ಅಂಕಿಗಳಿಂದ ಕಟ್ಟಿದ ಮಾದರಿಯಲ್ಲಿ ಒಂದೊಂದು ಮರಕ್ಕೂ ಜಾಗ, ನೆರೆಹೊರೆ ಎರಡೂ ಇದ್ದವು.

ಮತ್ತೆ ಗೆರೆಯ ಕತೆಗೆ. 1980ರ ದಶಕದಲ್ಲಿ ಅಮೆರಿಕದ ಟೆನೆಸಿಯಲ್ಲಿ ಡೊನಾಲ್ಡ್ ವೆಲ್ಲರ್ ಎಂಬ ಸಂಶೋಧನಾ ವಿದ್ಯಾರ್ಥಿ ಈ ನಿಯಮವನ್ನೇ ಪ್ರಬಂಧದ ವಿಷಯ ಮಾಡಿಕೊಂಡರು. ಹೊಸ ಗಿಡವೊಂದನ್ನು ಬಿತ್ತಿ ಇನ್ನೊಂದು ಚುಕ್ಕೆ ಸೇರಿಸುವ ಬದಲು, ಈಗಾಗಲೇ ಅಚ್ಚಾದ ಅಂಕಿಗಳನ್ನು ಒಟ್ಟುಹಾಕಿ ಮತ್ತೆ ಲೆಕ್ಕ ಹಾಕಿದರು. 1987ರಲ್ಲಿ ಅದು ದೊಡ್ಡ ಲೇಖನವಾಗಿ ಬಂತು. ಅವರ ಆಕ್ಷೇಪ ಎರಡು, ಎರಡೂ ನೇರ.

ಮೊದಲನೆಯದು ಗ್ರಾಫಿನದು. ಸರಾಸರಿ ತೂಕ ಎಂದರೆ ಒಟ್ಟು ತೂಕವನ್ನು ಗಿಡಗಳ ಸಂಖ್ಯೆಯಿಂದ ಭಾಗಿಸಿದ್ದು. ಅದನ್ನು ಮತ್ತೆ ಗಿಡಗಳ ಸಂಖ್ಯೆಯ ಎದುರೇ ಗುರುತಿಸಿದರೆ ಸಂಖ್ಯೆ ಎರಡೂ ಅಕ್ಷದಲ್ಲಿ ಕೂತಿರುತ್ತದೆ. ಒಟ್ಟು ತೂಕ ಹೇಗೇ ಇರಲಿ, ಚುಕ್ಕೆಗಳು ಇಳಿಜಾರಾಗಿ ಸಾಲುಗಟ್ಟಿಯೇ ತೀರುತ್ತವೆ; ಗೆರೆಗೆ ಚುಕ್ಕೆಗಳು ಎಷ್ಟು ಅಂಟಿಕೊಂಡಿವೆ ನೋಡಿ ಎಂದು ಬೀಗುವುದರಲ್ಲಿ ಒಂದಷ್ಟು ಪಾಲು ನಾವೇ ಒಳಗಿಟ್ಟದ್ದು. ಒಟ್ಟು ತೂಕವನ್ನು ಸಂಖ್ಯೆಯ ಎದುರು ಗುರುತಿಸಿದಾಗ ಅದೇ ಚುಕ್ಕೆಗಳು ಚೆದುರಿ ಕಂಡವು.

ಎರಡನೆಯದು ಇನ್ನೂ ಮುಜುಗರದ್ದು. ಸಾಯಲು ಇನ್ನೂ ಶುರುಮಾಡದ ಗುಂಪುಗಳನ್ನೂ, ಮುಪ್ಪಾಗಿ ಬೆಳವಣಿಗೆ ನಿಂತವನ್ನೂ ಲೆಕ್ಕದಿಂದ ಬಿಡಬೇಕು, ಅದು ಸರಿ. ಆದರೆ ಯಾವ ಚುಕ್ಕೆ ಬಿಡಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಕಣ್ಣಳತೆಯಲ್ಲಿ. ಮೈನಸ್ 3/2 ಬರಬೇಕು ಎಂದು ಮೊದಲೇ ಗೊತ್ತಿರುವ ಕಣ್ಣು ಯಾವುದನ್ನು ಬಿಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ವೆಲ್ಲರ್ ಮರುಲೆಕ್ಕದಲ್ಲಿ ಓಟಗಳು ಜಾತಿಯಿಂದ ಜಾತಿಗೆ ಬೇರೆಯಾದವು, ಅವುಗಳ ವ್ಯತ್ಯಾಸಕ್ಕೂ ಗಿಡದ ಮೈಕಟ್ಟಿಗೂ ನಂಟು ಕಂಡಿತು. ಅದೇ ವರ್ಷ ಬೋರಿಸ್ ಜೈಡೆ ಅರಣ್ಯದ ಕಡೆಯಿಂದ ಇಂಥದೇ ಮಾತು ಆಡಿದರು: ಮರ ಬೆಳೆಯುತ್ತ ತನ್ನ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ. ಹೈಸ್ಕೂಲಿನ ರೇಖಾಗಣಿತಕ್ಕೆ ಅಲ್ಲಿಗೆ ಪೆಟ್ಟು ಬಿತ್ತು.

ಮೋಸ ಯಾರೂ ಮಾಡಿರಲಿಲ್ಲ. ಹದಿನೇಳು ವರ್ಷ ಹತ್ತಾರು ಪ್ರಯೋಗಾಲಯಗಳು ಪ್ರಾಮಾಣಿಕವಾಗಿ ಗಿಡ ತೂಗಿದ್ದವು. ಲಾಗರಿದಮ್ ಹಾಳೆ ದೊಡ್ಡ ವ್ಯತ್ಯಾಸವನ್ನು ಸಣ್ಣದಾಗಿ ತೋರಿಸುವ ಗುಣದ್ದು, ಮನಸ್ಸು ಹೊಂದಿಕೆ ಕಂಡಲ್ಲಿ ನಿಲ್ಲುವ ಗುಣದ್ದು. ಎರಡೂ ಸೇರಿದವು. 1990ರಲ್ಲಿ ಮಾರ್ಕ್ ಲಾನ್ಸ್‌ಡೇಲ್ ಈ ನಿಯಮ ಸತ್ತಿದೆಯೋ ಬದುಕಿದೆಯೋ ಎಂಬ ಪ್ರಶ್ನೆಯನ್ನೇ ಲೇಖನದ ತಲೆಬರಹವಾಗಿಟ್ಟರು. ಉಳಿಸಿಕೊಳ್ಳಲು ನೋಡಿದವರು ಅದನ್ನು ಗಡಿರೇಖೆ ಎಂದರು: ಗಿಡಗಳು ಅದರ ಮೇಲೆಯೇ ನಡೆಯಬೇಕೆಂದಿಲ್ಲ, ಅದನ್ನು ದಾಟಲಾರವು ಅಷ್ಟೇ.

ಆಗ ಪಕ್ಕದಿಂದ ಭೌತಶಾಸ್ತ್ರ ನುಗ್ಗಿತು. 1998ರಲ್ಲಿ ಬ್ರಯನ್ ಎನ್‌ಕ್ವಿಸ್ಟ್, ಜೇಮ್ಸ್ ಬ್ರೌನ್ ಮತ್ತು ಭೌತವಿಜ್ಞಾನಿ ಜೆಫ್ರಿ ವೆಸ್ಟ್ ನೇಚರ್ ಪತ್ರಿಕೆಯಲ್ಲಿ, ಓಟ 3/2 ಇರುವುದೇ ಇಲ್ಲ, ಅದು 4/3 ಎಂದರು. ಅವರು ಹೊರಟದ್ದು ಗಿಡ ಮುಚ್ಚುವ ನೆಲದಿಂದ ಅಲ್ಲ. ಬೇರಿನಿಂದ ಎಲೆಗೆ ನೀರೊಯ್ಯುವ ಕೊಳವೆಗಳ ಜಾಲದಿಂದ. ಇದರಲ್ಲೊಂದು ತಮಾಷೆ ಇದೆ. ಮರವೆಂದರೆ ಕೊಳವೆಗಳ ಕಟ್ಟು ಎಂಬ ಕಲ್ಪನೆಯನ್ನು 1964ರಲ್ಲೇ ಸಿದ್ಧಾಂತವಾಗಿ ಕಟ್ಟಿದವರು ಶಿನೊಜಾಕಿ, ಯೊಡಾ, ಹೊಜುಮಿ ಮತ್ತು ಕಿರಾ, ಅಂದರೆ ಅದೇ ಒಸಾಕಾದವರು. ಅವರ ಒಂದು ಕೂಸನ್ನು ಮಣಿಸಲು ಬಂದವರು ಅವರ ಇನ್ನೊಂದು ಕೂಸಿನ ಬಳಗದವರೇ ಆಗಿದ್ದರು.

3/2ಕ್ಕೂ 4/3ಕ್ಕೂ ಏನು ಮಹಾ ಅಂತರ? ನಮ್ಮ 1000 ಸಸಿಗಳಿಗೇ ಹಚ್ಚಿ ನೋಡಿದರೆ, ಮುಕ್ಕಾಲು ಪಾಲು ಸತ್ತಾಗ ಉಳಿದ ಒಂದೊಂದರ ತೂಕ 8 ಗ್ರಾಂ ಬದಲು ಸುಮಾರು 6.3 ಗ್ರಾಂ. ಹೊಲದಲ್ಲಿ ಹುಳು, ಮಳೆ, ಬೀಜದ ಗುಣ ಎಲ್ಲ ಸೇರಿ ಮಾಡುವ ಏರುಪೇರಿನ ನಡುವೆ ಈ ವ್ಯತ್ಯಾಸವನ್ನು ಹಿಡಿಯುವುದು ಸುಲಭದ ಮಾತಲ್ಲ. ಹಾಗಾಗಿ ಒಂದು ದಶಕ ಎರಡು ಬಣಗಳೂ ಒಂದೇ ಬಗೆಯ ಅಂಕಿಗಳಿಂದ ಎರಡು ಬಗೆಯ ಗೆಲುವನ್ನು ಸಾರಿಕೊಂಡವು. ಅತ್ತ ಚೀನಾದ ವಾಯವ್ಯದಲ್ಲಿ ತೇವಾಂಶದ ಏರಿಳಿತದುದ್ದಕ್ಕೂ ಅಳೆದವರಿಗೆ ನೆಲ ಒಣಗಿದಂತೆ ಓಟವೇ ಬದಲಾಗುವುದು ಕಂಡಿತು. ಮರುಭೂಮಿಯಂಚಿನಲ್ಲಿ ಗಿಡಗಳ ತಕರಾರು ಬೆಳಕಿಗಿಂತ ನೀರಿನದು, ಅದು ನಡೆಯುವುದು ನೆಲದಡಿಯಲ್ಲಿ.

ತೀರ್ಪಿಗೆ ಹತ್ತಿರವಾದ ಉತ್ತರ ಬಂದದ್ದು, ಯಾರೂ ನಿರೀಕ್ಷಿಸದಂತೆ, ಅರಣ್ಯ ಇಲಾಖೆಗಳ ಹಳೆಯ ದಫ್ತರಿನಿಂದ. ಜರ್ಮನಿಯಲ್ಲಿ 1870ರ ದಶಕದಿಂದಲೂ ಕೆಲವು ತೋಪುಗಳನ್ನು ಅಳತೆಗೆಂದೇ ಬಿಟ್ಟಿದ್ದಾರೆ. ತಲೆಮಾರಿನಿಂದ ತಲೆಮಾರಿಗೆ ನೌಕರರು ಬದಲಾದರು, ಎರಡು ಮಹಾಯುದ್ಧ ಬಂದು ಹೋದವು. ಅದೇ ಮರಗಳ ವ್ಯಾಸವನ್ನು ಮತ್ತೆ ಮತ್ತೆ ಅಳೆದು ಬರೆದಿಟ್ಟರು. ಬೇರೆ ಬೇರೆ ತೋಪುಗಳ ಒಂದೊಂದು ಚುಕ್ಕೆ ಸೇರಿಸಿ ಗೆರೆ ಎಳೆಯುವ ಅಗತ್ಯ ಇಲ್ಲಿಲ್ಲ. ಒಂದೇ ತೋಪು ಶತಮಾನದುದ್ದಕ್ಕೂ ನಡೆದ ದಾರಿ ಕಣ್ಣೆದುರಿಗಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪ್ರೆಟ್ಶ್ ಮತ್ತು ಪೀಟರ್ ಬೀಬರ್ 2005ರಲ್ಲಿ ಅದನ್ನು ಬಿಡಿಸಿ, ರೈನಿಕೆ 1933ರಲ್ಲಿ ಎಲ್ಲ ಜಾತಿಗೂ ಒಂದೇ ಎಂದಿದ್ದ 1.605ರ ಪಕ್ಕಕ್ಕಿಟ್ಟು ನೋಡಿದರು. ಬೀಚ್ ಮರಕ್ಕೆ 1.789, ಸ್ಪ್ರೂಸ್‌ಗೆ 1.664, ಪೈನ್‌ಗೆ 1.593, ಓಕ್‌ಗೆ 1.424 ಬಂತು.

ದಶಮಾಂಶದ ಆಚೆ ಸರಿದಾಡುವ ಈ ಅಂಕಿಗಳನ್ನು ಮರಗಳಿಗೆ ತಿರುಗಿಸಿದರೆ ಹೀಗಾಗುತ್ತದೆ. ಒತ್ತಾದ ತೋಪಿನಲ್ಲಿ 1000 ಮರಗಳಿವೆ, ಅವುಗಳ ಸರಾಸರಿ ವ್ಯಾಸ ದುಪ್ಪಟ್ಟಾಗುವ ಹೊತ್ತಿಗೆ ರೈನಿಕೆ ನಿಯಮದಂತೆ 329 ಉಳಿಯಬೇಕು. ಪೈನ್ ತೋಪಿನಲ್ಲಿ ಉಳಿಯುವುದು 331, ನಿಯಮಕ್ಕೆ ಬಹಳ ಹತ್ತಿರ. ಸ್ಪ್ರೂಸ್‌ನಲ್ಲಿ 316. ಕೊಂಬೆಯನ್ನು ಪಕ್ಕಕ್ಕೆ ಚಾಚಿ ನೆರೆಯವರ ಬೆಳಕನ್ನು ಕಸಿಯುವುದರಲ್ಲಿ ಪಳಗಿದ ಬೀಚ್ ತನ್ನವರಲ್ಲೇ 289 ಉಳಿಸಿ ಮಿಕ್ಕದ್ದನ್ನು ಮುಗಿಸಿಬಿಡುತ್ತದೆ. ಓಕ್ ತೋಪಿನಲ್ಲಿ 373 ಮರಗಳು ಇನ್ನೂ ನಿಂತಿರುತ್ತವೆ.